ಹಳೇ ಪೇಟಿ ರಿಪೇರಿ: ರೀಡಿಗೆ ಕೈ ಹಾಕೋ ಮೊದಲು ಗಾಳಿ ನೋಡಿ

ಇವತ್ತು ಪೇಟಿ ಬಗ್ಗೆ ಮಾತಾಡೋಣ. ಪೇಟಿ ಅಂದ್ರೆ ಹಾರ್ಮೋನಿಯಂ. ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆ ಭಜನಿಯವರು ಕರೆಯೋದು ಹಾಗೇ. ಪಕ್ಕದ ಸವದತ್ತಿ ತಾಲೂಕಿನ ಏಣಗಿ ಬಾಳಪ್ಪ (1914–2017) ಅವರಂಥ ಗಾಯಕ ನಟರ ಕಂಪನಿ ನಾಟಕದ ಕಾಲದಲ್ಲಿ ಕಾಲಿನಿಂದ ತುಳಿಯುವ ಪೇಟಿಯೂ ಇತ್ತು. ಅಂಥ ಹಳೇ ಪೇಟಿ ಅಟ್ಟದಿಂದ ಇಳಿದ ಕೂಡಲೇ ಜನ ಮಾಡಿಸೋದು ಎರಡು: ಪಾಲಿಶ್, ಹೊಸ ರೀಡ್. ಎರಡಕ್ಕೂ ಅವಸರ ಬೇಡ.

ಮೊದಲು ಗಾಳಿ. ಕೈಪೇಟಿ ಆಗಿದ್ರೆ ಸ್ಟಾಪ್‌ಗಳನ್ನೆಲ್ಲ ಮುಚ್ಚಿ, ತಿದಿ ಒತ್ತಿ ಗಾಳಿ ತುಂಬಿ ಬಿಡಿ. ಗಾಳಿ ಬೇಗ ಇಳಿದರೆ ತಿದಿಯ ಮಡಿಕೆಯಲ್ಲೋ ಜೋಡಣೆಯಲ್ಲೋ ಸೋರಿಕೆ ಇದೆ. ಸ್ಟಾಪ್ ಎಳೆದಾಗ ಕೀ ಮುಟ್ಟದೇ ಸ್ವರ ಬಂದರೆ, ಕೀ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಅಲ್ಲಿನ ತೊಗಲು ಸವೆದಿರುತ್ತೆ, ಇಲ್ಲಾ ಹುಳ ತಿಂದಿರುತ್ತೆ.

ಇನ್ನು ರೀಡ್. ಇದು ಒಂದು ತುದಿ ಬಿಗಿದ ಹಿತ್ತಾಳೆಯ ನಾಲಿಗೆ. ಸ್ವರ ಬರದಿದ್ರೆ ಎಷ್ಟೋ ಸಲ ಕಾರಣ ಧೂಳು, ಅಷ್ಟೇ. ಮೆತ್ತನೆ ಬ್ರಷ್ ಸಾಕು. ಶ್ರುತಿ ತಿದ್ದೋದು ಬೇರೆ ಮಾತು: ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ. ಕೆರೆದ ಲೋಹ ಮರಳಿ ಬರಲ್ಲ. ಅದಕ್ಕೇ ಸೋರಿಕೆ ನಿಲ್ಲಿಸದೇ ಶ್ರುತಿ ಮಾಡಿಸಬಾರದು; ಗಾಳಿಯ ಒತ್ತಡ ಬದಲಾದ್ರೆ ಸ್ವರವೂ ಸ್ವಲ್ಪ ಅಲುಗುತ್ತೆ. ಹಳೇ ಪೇಟಿಗಳಲ್ಲಿ ಜರ್ಮನಿಯ, ಪ್ಯಾರಿಸ್ಸಿನ ರೀಡ್ ಇರಬಹುದು. ಈಗಿನ ರೀಡ್‌ಗೆ ಗುಜರಾತಿನ ಪಾಲಿತಾಣಾ ಹೆಸರುವಾಸಿ, ಕೆಟ್ಟದ್ದೇನಲ್ಲ. ಆದ್ರೂ ಒಂದು ರೀಡ್ ಮುರಿದಿದ್ದಕ್ಕೆ ಇಡೀ ಸೆಟ್ ಕಿತ್ತರೆ, ಭಜನಿಯವರ ಕಿವಿಗೆ ಕೂತ ಆ ದನಿಯೇ ಹೋಗುತ್ತೆ. ಬದಲಾಯಿಸಲೇಬೇಕಾದ್ರೆ ಹಳೇವನ್ನ ಕೇಳಿ ಇಸಕೊಳ್ಳಿ.

ನೆರೆ ನೀರಿನ ಮಾತೂ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನೀರು ನುಗ್ಗಿತ್ತು. ಪೇಟಿ ನೆನೆದರೆ ಬಿಸಿಲಿಗಿಡಬೇಡಿ, ಹಲಗೆ ಸೀಳುತ್ತೆ. ಬಿಚ್ಚಿ, ಕೆಸರು ಒರೆಸಿ, ನೆರಳಲ್ಲಿ ದಿನಗಟ್ಟಲೆ ಆರಲಿ. ಹಳೇ ಸರೇಸು ನೀರಿಗೆ ಬಿಡುತ್ತೆ ನಿಜ. ಅದರಿಂದಲೇ ಅದನ್ನ ಬಿಚ್ಚಿ ಮತ್ತೆ ಕೂಡಿಸೋದು ಸುಲಭ. ಈಗಿನ ಗಟ್ಟಿ ಅಂಟು ಮೆತ್ತಿದರೆ ಮುಂದಿನ ರಿಪೇರಿಗೆ ಹಲಗೆ ಒಡೆಯಬೇಕಾಗುತ್ತೆ.

ಶ್ರುತಿಗೆ ಕೊಡುವಾಗ ಹಾಡುವವರನ್ನೂ ಕರಕೊಂಡು ಹೋಗಿ. ಹಳೇ ಪೇಟಿಯ ಶ್ರುತಿ ಈಗಿನ ಕೀಬೋರ್ಡಿಗೆ ಕೂಡದೇ ಇರಬಹುದು. ಕೀಬೋರ್ಡ್ ಜೊತೆ ನುಡಿಸೋದೇ ಇಲ್ಲ ಅಂದ್ರೆ ಎಲ್ಲಾ ರೀಡ್ ಕೆರೆಸೋ ಅಗತ್ಯ ಇಲ್ಲ; ಒಂದಕ್ಕೊಂದು ಕೂಡಿದ್ರೆ ಸಾಕು.