ಮನೆಯಲ್ಲಿ ಹಾವಿನ ಮರಿ ಮಾಡಿಸುವ ವಿಚಾರ
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಕೇರೆಹಾವು ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವುದೆಂದೂ, ಅದನ್ನು ಕೊಲ್ಲಬಾರದೆಂದೂ ಹಳ್ಳಿಹಳ್ಳಿಗಳಲ್ಲಿ ಹೇಳುತ್ತ ಬಂದವರಲ್ಲಿ ನಾನೂ ಒಬ್ಬನು. ಈ ಮಾತನ್ನು ನಂಬಿದ ರೈತರೊಬ್ಬರು ನಾವು ಹೇಳದೆ ಇದ್ದ ಕೆಲಸವೊಂದನ್ನೂ ಮಾಡಿದರು. ಆ ಸಂಗತಿಯನ್ನು ವಾಚಕರಿಗೆ ತಿಳಿಸುವುದು ಅವಶ್ಯವೆಂದು ತೋರಿದೆ.

ಅವರು ಗೊಬ್ಬರದ ಗುಂಡಿಯನ್ನು ಬಗೆಯುತ್ತಿರುವಾಗ, ಅದರ ಅಂಚಿನ ಇಲಿಬಿಲದಲ್ಲಿ ಹದಿನಾಲ್ಕು ಬಿಳಿಯ ಮೊಟ್ಟೆಗಳು ದೊರೆತುವು. ಅಲ್ಲಿ ಕೇರೆಯು ಓಡಾಡುವುದನ್ನು ಹಲವು ಸಲ ಕಂಡಿದ್ದುದರಿಂದ ಅವು ಕೇರೆಯವೇ ಎಂದು ನಿಶ್ಚಯಿಸಿ, ಮಡಕೆಯೊಂದಕ್ಕೆ ತೇವವಾದ ತೆಂಗಿನನಾರಿನ ಪುಡಿಯನ್ನು ತುಂಬಿ, ಅದರಲ್ಲಿ ಮೊಟ್ಟೆಗಳನ್ನು ಹುದುಗಿಸಿ ದವಸದ ಕೋಣೆಯಲ್ಲಿಟ್ಟರು. ಮರಿಗಳು ಅಲ್ಲಿಯೇ ಬೆಳೆದರೆ ಇಲಿಗಳ ಕಾಟವು ತಪ್ಪುವುದೆಂದು ಅವರ ಎಣಿಕೆ. ಅಮೆರಿಕ ದೇಶದಲ್ಲಿ ಮನೆಗಳಲ್ಲಿಯೇ ಹಾವಿನ ಮರಿ ಮಾಡಿಸುವರೆಂದು ಅವರ ಮಗನು ಮೊಬೈಲಿನಲ್ಲಿ ತೋರಿಸಿದ್ದನಂತೆ.

ಅದು ಸುಳ್ಳಲ್ಲ. ಆ ದೇಶದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಅಲ್ಲಿ ಅನೇಕರು ಸಾಕುತ್ತಾರೆ. ಹೆಣ್ಣುಗಂಡುಗಳೆರಡೂ ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿಯೇ ಹುಟ್ಟಿ ಬೆಳೆದವು; ಮೊಟ್ಟೆಯು ಯಾವುದರದೆಂಬ ಸಂದೇಹವಿಲ್ಲ. ಮೊಟ್ಟೆಗಳನ್ನು ಸುಮಾರು 28 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ನೀರು ನಿಲ್ಲದಂತೆ ತೇವದಲ್ಲಿಟ್ಟರೆ ಎರಡು ತಿಂಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ. ಕೋಳಿಮೊಟ್ಟೆಯಂತೆ ಇವನ್ನು ಹೊರಳಿಸಕೂಡದು. ಪಿಂಡವು ಬೇಗನೆ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವುದರಿಂದ, ಹೊರಳಿಸಿದರೆ ಸಾಯುವುದುಂಟು. ಆದರೆ ಇಂತಹ ಹಾವು ಕಣಜವನ್ನು ಕಾಯುವುದಿಲ್ಲ; ಪೆಟ್ಟಿಗೆಯಲ್ಲಿದ್ದುಕೊಂಡು ಯಜಮಾನನು ತಂದುಕೊಟ್ಟ ಇಲಿಯನ್ನು ತಿನ್ನುತ್ತದೆ!

ನಮ್ಮ ರೈತರ ಮನೆಯಾಕೆಯು ಕೋಳಿ ಕಾವಿಗಿಟ್ಟ ಅಭ್ಯಾಸದಿಂದ ಮೇಲಿನ ಐದು ಮೊಟ್ಟೆಗಳನ್ನು ಹೊರಳಿಸುತ್ತಿದ್ದರು, ಅವು ಕೊಳೆತುವು. ಉಳಿದ ಒಂಬತ್ತೂ ಒಂದು ಬೆಳಗ್ಗೆ ಒಡೆದಿದ್ದುವು. ಮಡಕೆಯನ್ನು ಮುಟ್ಟಿದೊಡನೆ ಗೇಣುದ್ದದ ಮರಿಗಳು ತಲೆಯೆತ್ತಿ ಹೆಡೆಬಿಚ್ಚಿದುವು. ನಾಗರಹಾವಿನ ಮರಿಗಳು! ಅರಣ್ಯ ಇಲಾಖೆಯವರೊಡನೆ ನಾನೂ ಹೋದಾಗ ಮಡಕೆಯಲ್ಲಿ ಎಂಟು ಮಾತ್ರ ಇದ್ದುವು. ಆ ಕೋಣೆಯಲ್ಲಿಯೇ ನಾಲ್ಕು ವರ್ಷದ ಮೊಮ್ಮಗು ಮಲಗುತ್ತಿತ್ತು. ಒಂಬತ್ತನೆಯದು ರಾಗಿ ಚೀಲದ ಅಡಿಯಲ್ಲಿ ಸಿಕ್ಕಿದಾಗ ದೀಪ ಹಚ್ಚುವ ಹೊತ್ತಾಗಿದ್ದಿತು. “ಸ್ವಾಮಿ, ತಾವು ಹೇಳಿದ ಕೇರೆಯೆಂದೇ ಎಣಿಸಿದ್ದೆ” ಎಂದು ಆ ರೈತರು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಕೇರೆ, ನಾಗರಗಳೆರಡೂ ಇಲಿಬಿಲ, ಹುತ್ತ ಮೊದಲಾದೆಡೆಗಳಲ್ಲಿಯೇ ಮೊಟ್ಟೆಯಿಡುತ್ತವೆ. ಎರಡರ ಮೊಟ್ಟೆಗಳೂ ಬಿಳಿಯವು, ಚಿಪ್ಪು ತೊಗಲಿನಂತೆ ಮೆದು. ನೋಡಿದ ಮಾತ್ರಕ್ಕೆ ಭೇದವನ್ನು ಹೇಳಲಾಗದು. ನಾಗರ ಮರಿಗೆ ಹುಟ್ಟಿದ ಗಳಿಗೆಯಿಂದಲೇ ವಿಷವಿರುತ್ತದೆ. ಅವು ಕೇರೆಯವೇ ಆಗಿದ್ದರೂ ಫಲವಿರಲಿಲ್ಲ. ಎಳೆಯ ಕೇರೆಯು ಕಪ್ಪೆ, ಹಲ್ಲಿಗಳನ್ನು ಹಿಡಿಯುವುದೇ ಹೊರತು ಹೆಗ್ಗಣವನ್ನಲ್ಲ. ಇದಲ್ಲದೆ, 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅನುಮತಿಯಿಲ್ಲದೆ ಈ ಹಾವುಗಳನ್ನು ಹಿಡಿಯುವುದೂ, ಸಾಕುವುದೂ, ಮೊಟ್ಟೆಗಳನ್ನು ತೆಗೆಯುವುದೂ ಅಪರಾಧ.

ಆದುದರಿಂದ ಹಾವಿನ ಮೊಟ್ಟೆಗಳು ಕಂಡರೆ ಮುಟ್ಟದೆ, ಕೆಲಸವನ್ನು ನಿಲ್ಲಿಸಿ, ಮಕ್ಕಳನ್ನು ದೂರವಿರಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ತಾಯಿನಾಗರವು ಅಲ್ಲಿಯೇ ಕಾವಲಿರುವುದುಂಟು. ಯಾರಿಗಾದರೂ ಹಾವು ಕಚ್ಚಿದರೆ ಹಗ್ಗದಿಂದ ಬಿಗಿಯದೆ, ಗಾಯವನ್ನು ಕೊಯ್ಯದೆ, ಅವಯವವನ್ನು ಅಲುಗಿಸದಂತೆ ಇಟ್ಟು, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೆ ಸೇರಿಸಬೇಕು.

ಕೇರೆಯು ಹೊಲದಲ್ಲಿ ತಾನಾಗಿಯೇ ವೃದ್ಧಿಯಾಗುತ್ತದೆ. ಬದುವಿನ ಪೊದೆಗಳನ್ನೆಲ್ಲ ಸುಡದೆ ಬಿಡಿರಿ. ಬೇಲಿಗೆ ಕಟ್ಟಿದ ನೈಲಾನ್ ಬಲೆಗೆ ಅದು ಸಿಕ್ಕಿ ಸಾಯುವುದರಿಂದ ಬೇಡವಾದ ಬಲೆಯನ್ನು ಸುತ್ತಿ ತೆಗೆದಿಡಿರಿ. ಅದು ಹಸುವಿನ ಕಾಲನ್ನು ಸುತ್ತಿ ಹಾಲು ಕುಡಿಯುವುದೆಂದು ಹೊಡೆಯುವವರು ಈಗಲೂ ಇದ್ದಾರೆ. ಒಳಕ್ಕೆ ಬಾಗಿದ ಹಲ್ಲುಗಳ ಆ ಬಾಯಿಂದ ಕೆಚ್ಚಲನ್ನು ಚೀಪುವುದು ಸಾಧ್ಯವೇ ಇಲ್ಲ.

ದವಸದ ಕೋಣೆಯ ಇಲಿಗಳಿಗಾದರೋ ಆ ರೈತರು ಈಗ ಬಾಗಿಲಿನ ಕೆಳಸಂದಿಗೆ ತಗಡು ಹೊಡೆಸಿ, ಚೀಲಗಳನ್ನು ಗೋಡೆಯಿಂದ ದೂರಕ್ಕೆ ಹಲಗೆಯ ಮೇಲೆ ಇಟ್ಟಿದ್ದಾರೆ.