ಹವಳ ಮುದುಡಿದರೆ ಮೊದಲು ನೀರು ನೋಡಿ



ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಈಗ ನಮ್ಮ ಸದಸ್ಯರಲ್ಲಿಯೂ ಕೆಲವರಿದ್ದಾರೆ. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಹವಳ ಮುದುಡಿ ಕೂತಿದೆ, ಯಾವ ಔಷಧಿ ಹಾಕಲಿ?" ನನ್ನ ಉತ್ತರವೂ ಒಂದೇ. ಕಾರಣ ತಿಳಿಯುವ ತನಕ ಯಾವುದನ್ನೂ ಹಾಕಬೇಡಿ. ಈ ಪಾಠ ನಾನು ಕಲಿತದ್ದು ನಷ್ಟ ಮಾಡಿಕೊಂಡು.

ಕಳೆದ ಬೇಸಿಗೆಯಲ್ಲಿ ಮಗಳು, ಅಳಿಯ ಊರಿಗೆ ಹೋಗುವಾಗ ನೂರು ಲೀಟರಿನ ತೊಟ್ಟಿಯನ್ನು ನನಗೆ ಒಪ್ಪಿಸಿದ್ದರು. ದಿನಕ್ಕೆ ಸುಮಾರು ಒಂದು ಲೀಟರು ನೀರು ಆವಿಯಾಗುತ್ತಿತ್ತು. ಸಮುದ್ರದ ಜೀವಿಗೆ ಉಪ್ಪುನೀರೇ ಬೇಕಲ್ಲವೇ ಎಂದು ಹದಿನೈದು ದಿನ ಉಪ್ಪುನೀರನ್ನೇ ತುಂಬಿಸಿದೆ. ಹೂವಿನಂತೆ ಅರಳಿರುತ್ತಿದ್ದ ಜೋಆಂಥಿಡ್‌ಗಳೆಲ್ಲ ಮುಚ್ಚಿಕೊಂಡವು. ಬೆಳಕು ಹೆಚ್ಚಾಯಿತೆಂದು ದೀಪ ತಗ್ಗಿಸಿದೆ, ಅಂಗಡಿಯಿಂದ ತಂದ ದ್ರಾವಣ ಸುರಿದೆ. ಆಮೇಲೆ ಅಳಿಯ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಮಾವ, ಹಾಕಿದ್ದು ಸಿಹಿನೀರೋ ಉಪ್ಪುನೀರೋ?"

ಲೆಕ್ಕ ಸರಳ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಹದಿನೈದು ಲೀಟರಿನಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಉಪ್ಪನ್ನು ನಾನು ಸೇರಿಸಿದ್ದೆ. 35 ಇರಬೇಕಾದದ್ದು 40 ಆಗಿತ್ತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ತೆಗೆದು ಆರ್‌ಒ ನೀರು ಸೇರಿಸಿ ಸರಿಪಡಿಸಿದೆವು. ಅಷ್ಟರಲ್ಲಿ ಮೂರು ವರ್ಷ ಬೆಳೆಸಿದ ಒಂದು ಗುಂಪು ಅರ್ಧ ಕರಗಿಹೋಗಿತ್ತು.

ಕಾನೂನಿನ ಒಂದು ಮಾತು

ಕಲ್ಲು ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ನಮ್ಮ ಸಮುದ್ರದಿಂದ ತೆಗೆದ ಇಂಥವನ್ನು ಯಾರಾದರೂ ಕೊಟ್ಟರೆ ಮನೆಗೆ ತರಬೇಡಿ. ಇಲ್ಲಿ ಹೇಳುತ್ತಿರುವುದು ಕಲ್ಲಿನ ಗೂಡು ಕಟ್ಟದ ಲೆದರ್ ಹವಳ, ಮಶ್ರೂಮ್, ಜೋಆಂಥಿಡ್‌ಗಳ ಬಗ್ಗೆ. ಅವನ್ನೂ ಬಿಲ್ಲು ಪಡೆದೇ ಕೊಳ್ಳಿ.

ಒಂದಕ್ಕೋ, ಎಲ್ಲಕ್ಕೋ?

ಮನೆಯಲ್ಲಿ ಒಬ್ಬನಿಗೆ ಹೊಟ್ಟೆ ಕೆಟ್ಟರೆ ಅವನು ತಿಂದದ್ದೇನು ಎಂದು ಕೇಳುತ್ತೇವೆ. ಎಲ್ಲರಿಗೂ ಕೆಟ್ಟರೆ ಬಾವಿಯ ನೀರು ನೋಡುತ್ತೇವೆ. ತೊಟ್ಟಿಯಲ್ಲಿಯೂ ಹಾಗೆಯೇ.

ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದರೆ ದೋಷ ನೀರಿನದು. ಉಪ್ಪಿನ ಅಂಶ ಲೀಟರಿಗೆ 35 ಗ್ರಾಮಿನ ಆಸುಪಾಸು, ಉಷ್ಣತೆ 24ರಿಂದ 27 ಡಿಗ್ರಿ ಇರಬೇಕು. ಅಮೋನಿಯ, ನೈಟ್ರೈಟ್ ಸೊನ್ನೆ ಇರಬೇಕು. ಮೀನಿನ ಔಷಧಿ ಹಾಕಿದ್ದರೆ ಅದರಲ್ಲಿ ತಾಮ್ರ ಇದೆಯೇ ಎಂದು ಬಾಟಲಿಯ ಚೀಟಿ ಓದಿ. ಮೀನನ್ನು ಉಳಿಸುವ ತಾಮ್ರ ಹವಳವನ್ನು ಕೊಲ್ಲುತ್ತದೆ. ಕಾಸರಗೋಡಿನ ಕಡೆಯವರು ಸಮುದ್ರದ ನೀರು ತರುವುದಾದರೆ ಮಳೆಗಾಲದಲ್ಲಿ ಹೊಳೆಯ ಅಳಿವೆಯ ಬಳಿ ತುಂಬಬೇಡಿ, ಅಲ್ಲಿ ಉಪ್ಪು ಕಡಿಮೆ. ಒಳನಾಡಿನವರು ಬೋರ್‌ವೆಲ್ ನೀರನ್ನು ನೇರವಾಗಿ ಬಳಸಬೇಡಿ.

ಒಂದೇ ಗುಂಪಿಗೆ ತೊಂದರೆಯಾದರೆ ಅದರ ಜಾಗ ನೋಡಿ. ಪಂಪಿನ ನೀರು ನೇರವಾಗಿ ಬಡಿಯುತ್ತಿದೆಯೇ? ಪಕ್ಕದ ಹವಳ ತಾಗುತ್ತಿದೆಯೇ? ರಾತ್ರಿ ದೀಪ ಆರಿದ ಮೇಲೆ ಟಾರ್ಚು ಹಿಡಿದು ನೋಡಿ. ಜೋಆಂಥಿಡ್ ತಿನ್ನುವ ಪುಟ್ಟ ಹುಳುವಿನಂಥ ಚಿಪ್ಪಿಲ್ಲದ ಬಸವನಹುಳುಗಳು ತಾವು ತಿಂದ ಹವಳದ ಬಣ್ಣವನ್ನೇ ತಾಳುವುದರಿಂದ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ನೋಡಲು ಒಂದೇ, ಅರ್ಥ ಬೇರೆ

ಲೆದರ್ ಹವಳ ಕೆಲವು ದಿನ ಮುದುಡಿ, ಮೇಲೆ ಮೇಣ ಹಚ್ಚಿದಂತೆ ಹೊಳೆದರೆ ಹೆದರಬೇಡಿ. ಅದು ಪೊರೆ ಬಿಡುತ್ತಿದೆ. ಬುಡ ಗಟ್ಟಿಯಾಗಿದ್ದರೆ ಕಾಯಿರಿ. ಬುಡ ಕಪ್ಪಾಗಿ, ಮೆತ್ತಗಾಗಿ, ನಾರುತ್ತಿದ್ದರೆ ಅದು ಕೊಳೆತ. ಕೊಳೆತ ಭಾಗವನ್ನು ಕೂಡಲೇ ಕತ್ತರಿಸಿ ತೆಗೆಯಬೇಕು.

ಬಿಳಿಚಿದ ಹವಳ ಸತ್ತ ಹವಳವಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆದಾರರಂತೆ ಇದ್ದು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಸೆಕೆ ಅಥವಾ ಬೆಳಕು ಮಿತಿಮೀರಿದರೆ ಹವಳ ಅವನ್ನು ಹೊರಹಾಕುತ್ತದೆ, ಬಣ್ಣ ಹೋಗುತ್ತದೆ. ಲಕ್ಷದ್ವೀಪದ ಹವಳ ದಿಬ್ಬಗಳು 1998ರಲ್ಲಿ ಬಿಳಿಚಿದ್ದೂ ಸಮುದ್ರ ಕಾದದ್ದರಿಂದಲೇ. ಮೈ ಗಟ್ಟಿಯಾಗಿದ್ದರೆ ಬೆಳಕು ತಗ್ಗಿಸಿ, ನೀರು ತಂಪಾಗಿಡಿ, ವಾರಗಟ್ಟಲೆ ತಾಳ್ಮೆಯಿರಲಿ. ಕಂದು ಬಣ್ಣಕ್ಕೆ ತಿರುಗಿದರೆ ಸಾಮಾನ್ಯವಾಗಿ ಕತೆ ತಿರುಗುಮುರುಗು: ಬೆಳಕು ಸಾಲದು, ಇಲ್ಲವೇ ನೀರಿನಲ್ಲಿ ಕೊಳೆ ಹೆಚ್ಚಾಗಿ ಪಾಚಿ ತುಂಬಿಕೊಂಡಿದೆ.

ಕೈ ಹಾಕುವ ಮುನ್ನ

ಇದನ್ನು ಮನೆಯವರೆಲ್ಲರೂ ಓದಬೇಕು. ಕೆಲವು ಜೋಆಂಥಿಡ್ ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕ ಇಲ್ಲದೆ ಅವನ್ನು ಕತ್ತರಿಸಬೇಡಿ, ಉಜ್ಜಬೇಡಿ. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಕುದಿಸಲೇಬೇಡಿ, ಬಿಸಿನೀರನ್ನೂ ಸುರಿಯಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ಕೊನೆಗೆ, ಗುಮಾಸ್ತನಾಗಿದ್ದವನ ಒಂದು ಸಲಹೆ. ತೊಟ್ಟಿಯ ಪಕ್ಕ ಒಂದು ನೋಟ್‌ಬುಕ್ ಇಡಿ. ತಾರೀಕು, ಉಪ್ಪು, ಉಷ್ಣತೆ, ಹಾಕಿದ್ದೇನು, ತೆಗೆದದ್ದೇನು ಎಂದು ದಿನಕ್ಕೊಂದು ಸಾಲು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಆ ಹದಿನೈದು ದಿನ ಬರೆದಿಟ್ಟಿದ್ದರೆ ಮೂರನೇ ದಿನವೇ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಉಳಿದ ಅರ್ಧ ಗುಂಪು ಈಗ ಮತ್ತೆ ಅರಳುತ್ತಿದೆ. ತೊಟ್ಟಿ ಇಟ್ಟಿರುವ ಸದಸ್ಯರು ಮುಂದಿನ ಮಾಸಿಕ ಸಭೆಗೆ ಬರುವಾಗ ಹವಳದ ಫೋಟೊ ಜೊತೆಗೆ ನೋಟ್‌ಬುಕ್ಕನ್ನೂ ತನ್ನಿ. ಕೂತು ನೋಡೋಣ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ