ನಿಮಗಿದು ಗೊತ್ತೆ? ನರದ ಗುಟ್ಟು ಬಿಟ್ಟುಕೊಟ್ಟ ಬೊಂಡಾಸ್
ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಬೊಂಡಾಸ್ ಎಂದು ಮಾರುವ ಸ್ಕ್ವಿಡ್ ಇದೆಯಲ್ಲ, ನರದಲ್ಲಿ ಸಂದೇಶ ಓಡುವ ಬಗೆಯನ್ನು ವಿಜ್ಞಾನಿಗಳು ಅರಿತದ್ದು ಅದರ ಬಳಗದಿಂದಲೇ!

ಅಪಾಯ ಕಂಡೊಡನೆ ನೀರು ಚಿಮ್ಮಿ ಪಾರಾಗಲು ಸ್ಕ್ವಿಡ್‌ಗೆ ಭಾರೀ ದಪ್ಪದ ನರತಂತುಗಳಿವೆ. ಅಡ್ಡಳತೆ ಸುಮಾರು ಅರ್ಧ ಮಿಲಿಮೀಟರ್; ನಮ್ಮಲ್ಲಿ ಅತಿ ದಪ್ಪನೆಯದೂ ಅದರ ಇಪ್ಪತ್ತನೇ ಒಂದು ಪಾಲನ್ನು ದಾಟುವುದು ಕಷ್ಟ. ಹಾಗಾಗಿಯೇ 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಆ ತಂತುವಿನ ಒಳಕ್ಕೇ ವಿದ್ಯುದ್ವಾರ ತೂರಿಸಿ ವೋಲ್ಟೇಜ್ ಅಳೆದರು. ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು, ಕೆಲಸ ನಿಂತಿತು.

ಪೂರ್ಣ ವಿವರಣೆ ಬಂದದ್ದು 1952ರಲ್ಲಿ. ಸುಮ್ಮನಿರುವ ನರತಂತುವಿನ ಒಳಭಾಗ ಹೊರಗಿಗಿಂತ 60-70 ಮಿಲಿವೋಲ್ಟ್‌ನಷ್ಟು ಋಣ. ಪ್ರಚೋದನೆ ಸಿಕ್ಕರೆ ಸೋಡಿಯಂ ಅಯಾನುಗಳು ಒಳನುಗ್ಗಿ ಅದು ಕ್ಷಣಮಾತ್ರ ಧನವಾಗುತ್ತದೆ. ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗಿ ಎಲ್ಲ ಯಥಾಸ್ಥಿತಿ. ಒಂದೆಡೆಯ ಈ ಏರಿಳಿತ ಪಕ್ಕದ ಜಾಗವನ್ನು ಕೆಣಕುತ್ತದೆ, ಅದು ಮುಂದಿನದನ್ನು. ಸಂದೇಶವೆಂದರೆ ಇಷ್ಟೇ!

ಇದರ ಸಮೀಕರಣಗಳನ್ನು ಬಿಡಿಸಲು ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ಸಿಗಲಿಲ್ಲ. ಹಕ್ಸ್‌ಲಿ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರವನ್ನೇ ವಾರಗಟ್ಟಲೆ ತಿರುಗಿಸಿದರು. ಸಾಮಾನ್ಯ ತಾಳ್ಮೆಯಲ್ಲ ಅದು. 1963ರಲ್ಲಿ ಜಾನ್ ಎಕಲ್ಸ್ ಜತೆ ಇಬ್ಬರಿಗೂ ನೊಬೆಲ್ ಸಂದಿತು.

ಹಲ್ಲು ಕೀಳುವ ಮುನ್ನ ದಂತವೈದ್ಯರು ಚುಚ್ಚುವ ಲಿಗ್ನೊಕೇಯ್ನ್ ಮುಚ್ಚುವುದು ಇದೇ ಸೋಡಿಯಂ ದಾರಿಯನ್ನು. ನೋವಿನ ಸುದ್ದಿ ಮಿದುಳಿಗೆ ಹೊರಡುವುದೇ ಇಲ್ಲ.